ಹೆಸರೊಂದನ್ನು ಬದಲಿಸಿ ನೋಡಿ

ಯಲ್ಲಮ್ಮನ ಗುಡ್ಡದ ಮಗ್ಗುಲಿನ ಉಗರಗೋಳದಲ್ಲಾಗಲಿ, ಸವದತ್ತಿ ತಾಲೂಕಿನ ಇನ್ನಾವುದೇ ಹಳ್ಳಿಯಲ್ಲಾಗಲಿ, ಹೊಲದ ಕೆಲಸಕ್ಕೆ ಆಳು ಕರೆಯುವಾಗ ಮೊದಲು ಬರುವ ಮಾತು ‘ಗಂಡಾಳು ಎಷ್ಟು, ಹೆಣ್ಣಾಳು ಎಷ್ಟು?’ ಎಂಬುದು. ಎರಡಕ್ಕೂ ಕೂಲಿಯ ದರ ಬೇರೆ ಬೇರೆ. ಹೀಗೇಕೆ ಎಂದರೆ ಸಿಗುವ ಉತ್ತರ ಒಂದೇ: ‘ಗಂಡಸರದು ಭಾರದ ಕೆಲಸ, ಹೆಂಗಸರದು ಹಗುರ ಕೆಲಸ.’ ಚೀಲ ಹೊರುವುದು ಭಾರವೇ, ನಿಜ. ಆದರೆ ಹೊತ್ತು ಮುಳುಗುವವರೆಗೆ ಸೊಂಟ ಬಗ್ಗಿಸಿ ಕಸ ತೆಗೆಯುವುದು, ಬಿಸಿಲಿನಲ್ಲಿ ಹತ್ತಿ ಬಿಡಿಸುವುದು ಹಗುರವೆಂದು ತೂಗಿ ನೋಡಿದವರು ಯಾರು? ಕೆಲಸ ಹಗುರವೆಂದು ಹೆಂಗಸರ ಪಾಲಿಗೆ ಬಂತೋ, ಹೆಂಗಸರು ಮಾಡುತ್ತಾರೆಂದು ಅದಕ್ಕೆ ‘ಹಗುರ’ ಎಂಬ ಹೆಸರು ಬಂತೋ?

ಇಂಥ ಪ್ರಶ್ನೆಯನ್ನು ಬಗೆಹರಿಸುವ ದಾರಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತು. ಸಸಿಗೆ ಬೆಳಕು ಬೇಕೇ ಎಂದು ತಿಳಿಯಲು ಎರಡು ಕುಂಡಗಳಿಗೆ ಒಂದೇ ಮಣ್ಣು, ಒಂದೇ ಬೀಜ, ಒಂದೇ ಅಳತೆಯ ನೀರು ಹಾಕಿ, ಒಂದನ್ನು ಬೆಳಕಿನಲ್ಲೂ ಇನ್ನೊಂದನ್ನು ಕತ್ತಲೆಯಲ್ಲೂ ಇಡುತ್ತಾರೆ. ಒಂದನ್ನು ಮಾತ್ರ ಬದಲಿಸಿ ಉಳಿದುದನ್ನೆಲ್ಲ ಹಾಗೆಯೇ ಇಡಬೇಕು ಎಂಬುದೇ ಪ್ರಯೋಗದ ನಿಯಮ.

ಅಮೆರಿಕದಲ್ಲಿ ಮನುಷ್ಯರ ಮೇಲೂ ಇಂಥ ಪ್ರಯೋಗ ನಡೆದಿದೆ. 2012ರಲ್ಲಿ ಪ್ರಕಟವಾದ ಅದರಲ್ಲಿ 127 ಮಂದಿ ವಿಜ್ಞಾನ ಪ್ರಾಧ್ಯಾಪಕರಿಗೆ ಪ್ರಯೋಗಾಲಯದ ನೌಕರಿಗೆ ಬಂದ ಒಂದೇ ಅರ್ಜಿಯನ್ನು ಕೊಡಲಾಯಿತು. ಕೆಲವರ ಪ್ರತಿಯಲ್ಲಿ ಅರ್ಜಿದಾರನ ಹೆಸರು ಜಾನ್, ಉಳಿದವರ ಪ್ರತಿಯಲ್ಲಿ ಜೆನ್ನಿಫರ್. ಅಂಕ, ಅನುಭವ ಎಲ್ಲ ಒಂದೇ. ಆದರೂ ಜಾನ್‌ನಿಗೆ ಸೂಚಿಸಿದ ವಾರ್ಷಿಕ ಸಂಬಳ ಸರಾಸರಿ 30,238 ಡಾಲರ್, ಜೆನ್ನಿಫರ್‌ಗೆ 26,508 ಡಾಲರ್. ಮಹಿಳಾ ಪ್ರಾಧ್ಯಾಪಕರ ತಕ್ಕಡಿಯೂ ಪುರುಷರ ತಕ್ಕಡಿಯಂತೆಯೇ ವಾಲಿತ್ತು. ಇದು ಯಾರೋ ಕೆಟ್ಟವರು ಮಾಡುವ ಮೋಸವಲ್ಲ, ಎಲ್ಲರಲ್ಲೂ ಬೇರುಬಿಟ್ಟ ರೂಢಿ ಎಂಬುದು ಇದರಿಂದ ತಿಳಿಯುತ್ತದೆ.

ಕೂಲಿಯ ಮಾತು ಬೇರೆ, ಓದಿ ದೊಡ್ಡ ಸರಕಾರಿ ನೌಕರಿ ಹಿಡಿದ ಮೇಲೆ ಈ ತಾರತಮ್ಯ ಇರದು ಎಂದು ಪಾಲಕರು ಭಾವಿಸಬಹುದು. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಪರೀಕ್ಷೆ ಗೆದ್ದು ಆ ಸೇವೆಗೆ ಸೇರಿದ ಮೊದಲ ಮಹಿಳೆ ಅವರೇ. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಅವರು ಬರೆದುಕೊಡಬೇಕಾಯಿತು. ಜೊತೆಯ ಗಂಡಸರು ಯಾರೂ ಹಾಗೆ ಬರೆದುಕೊಡಬೇಕಿರಲಿಲ್ಲ. ಮುಂದೆ ರಾಯಭಾರಿಯಾಗಿ ದುಡಿದರೂ, ಮೇಲಿನ ದರ್ಜೆಗೆ ಬಡ್ತಿಯ ಸರದಿ ಬಂದಾಗ ಅವರನ್ನು ಕೈಬಿಡಲಾಯಿತು. ಮುತ್ತಮ್ಮನವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ಬಂತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಸಂಸಾರದ ಹೊಣೆ ಹೆಂಗಸಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕರ್ತವ್ಯಕ್ಕೂ ಆಗಬಹುದಲ್ಲವೇ ಎಂಬರ್ಥದ ಮಾತು ಬರೆದು, ಅವರ ಸೇವಾ ಹಿರಿತನವನ್ನು ಮರುಪರಿಶೀಲಿಸಬೇಕೆಂದರು. ನ್ಯಾಯಮೂರ್ತಿಗಳು ಮಾಡಿದ್ದೂ ಕುಂಡದ ಪ್ರಯೋಗವನ್ನೇ: ಹೆಣ್ಣಿನ ಜಾಗದಲ್ಲಿ ಗಂಡನ್ನು ಇಟ್ಟು ನೋಡಿದರು. ನಿಯಮ ನಿಲ್ಲಲಿಲ್ಲ.

ಕಾಯ್ದೆಗಳೇನೋ ಬಂದಿವೆ. ಒಂದೇ ಬಗೆಯ ಕೆಲಸಕ್ಕೆ ಒಂದೇ ಸಂಬಳ ಎಂದು 1976ರ ಸಮಾನ ಸಂಭಾವನೆ ಕಾಯ್ದೆ ಹೇಳಿತು. 2019ರ ವೇತನ ಸಂಹಿತೆಯಲ್ಲೂ ಅದೇ ತತ್ವವಿದೆ. 2005ರ ಉದ್ಯೋಗ ಖಾತರಿ ಕಾಯ್ದೆ ಗಂಡಸಿಗೂ ಹೆಂಗಸಿಗೂ ಒಂದೇ ದರ ಇಟ್ಟಿತು. ಆದರೆ ಸರಕಾರದ ಕೆರೆ ಕೆಲಸದಲ್ಲಿ ಸರಿಸಮ ಕೂಲಿ ಪಡೆದವಳು ಮರುದಿನ ಇನ್ನೊಬ್ಬರ ಹೊಲಕ್ಕೆ ಹೋದರೆ ಮತ್ತೆ ‘ಹೆಣ್ಣಾಳು’ ಆದಳು.

ಹೆಣ್ಣಿನ ಗಳಿಕೆ ಹಿಂದೆ ಬೀಳುವುದು ಬಹುಮಟ್ಟಿಗೆ ಮೊದಲ ಮಗು ಹುಟ್ಟಿದಾಗಿನಿಂದ ಎಂದು 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದಾರೆ. ಅಂದರೆ ಗಂಟು ಇರುವುದು ಕಚೇರಿಯಲ್ಲಷ್ಟೇ ಅಲ್ಲ, ಮನೆಯಲ್ಲೂ ಇದೆ. ಹತ್ತನೆಯ ಇಯತ್ತೆ ಮುಗಿದೊಡನೆ ಮಗನಿಗೆ ಧಾರವಾಡದ ಕಾಲೇಜು, ಮಗಳಿಗೆ ‘ಹತ್ತಿರ ಏನಿದೆಯೋ ಅಷ್ಟು ಸಾಕು’ ಎನ್ನುವ ಮನೆಗಳು ಇಂದಿಗೂ ಇವೆ. ಬಸ್ಸಿನ ದಾರಿ, ಸಂಜೆಯ ಕತ್ತಲೆ ಎಂಬ ಪಾಲಕರ ಚಿಂತೆ ಸುಳ್ಳಲ್ಲ. ಅದಕ್ಕೆ ಮದ್ದು ಒಳ್ಳೆಯ ವಸತಿ ನಿಲಯ ಹುಡುಕುವುದು, ಓರಗೆಯ ಗೆಳತಿಯರ ಜೊತೆ ಕಳಿಸುವುದೇ ಹೊರತು ಓದು ಬಿಡಿಸುವುದಲ್ಲ.

ವಿದ್ಯಾರ್ಥಿಗಳು ಈ ವಾರ ಒಂದು ಪ್ರಯೋಗ ಮಾಡಲಿ. ನೋಟುಪುಸ್ತಕದ ಒಂದು ಪುಟದಲ್ಲಿ ಎರಡು ಸಾಲು ಗೆರೆ ಹೊಡೆದು, ಅಣ್ಣನೋ ತಮ್ಮನೋ ಮನೆಗೆಲಸ ಮಾಡಿದ ಹೊತ್ತನ್ನು ಒಂದು ಕಡೆ, ಅಕ್ಕನೋ ತಂಗಿಯೋ ಮಾಡಿದ ಹೊತ್ತನ್ನು ಇನ್ನೊಂದು ಕಡೆ ಬರೆಯಲಿ. ನೀರು ತಂದದ್ದು, ಭಾಂಡೆ ತಿಕ್ಕಿದ್ದು, ಕಸ ಹೊಡೆದದ್ದು, ರೊಟ್ಟಿ ಬಡಿದದ್ದು ಯಾವುದೂ ಬಿಟ್ಟುಹೋಗಬಾರದು. ಏಳನೆಯ ದಿನ ಕೂಡಿಸಿ, ಆ ಪುಟವನ್ನು ಅಪ್ಪ, ಅವ್ವನ ಮುಂದೆ ಇಡಲಿ.