ಗೋವೆಗೆ ಮೊದಲ ಬಾರಿ ಹೋಗುವವರಿಗೆ



ಸೀತಾಫಲದ ಕಾಲ. ಜೋಗಿಮಟ್ಟಿಯ ಮೇಲೆ ಗಾಳಿಗೆ ಮುಖವೊಡ್ಡಿ ಕುಳಿತಿದ್ದೆ. ಹೊಳಲ್ಕೆರೆಯ ಕಡೆಯ ಒಂದು ಕುಟುಂಬದವರು ಅಲ್ಲಿಯೇ ಬುಟ್ಟಿ ಬಿಚ್ಚಿ ಹಣ್ಣು ಹಂಚುತ್ತಿದ್ದರು. ನನ್ನ ಕೈಗೂ ಒಂದನ್ನಿತ್ತ ಆ ಮನೆಯ ಹಿರಿಯ ತಾಯಿ ಕೇಳಿದರು: "ಅಯ್ಯನವರೇ, ಮಕ್ಕಳು ನನ್ನನ್ನು ಗೋವೆಗೆ ಹೊರಡಿಸಿದ್ದಾರೆ. ಗುಡಿ ಕೆಡವಿದವರ ಊರಿನಲ್ಲಿ ನನಗೇನು ಕೆಲಸ? ಅಲ್ಲಿ ಲಿಂಗಪೂಜೆ, ಊಟ ನಡೆದೀತೆ?"

ಪ್ರಶ್ನೆಗಳು ಎರಡು. ಎರಡನೆಯದು ಸುಲಭವಾದುದು. ಮೊದಲನೆಯದಕ್ಕೆ ಉತ್ತರ ಹೇಳಲು ನಾನು ಕೈಯಲ್ಲಿದ್ದ ಹಣ್ಣನ್ನೇ ತೋರಿಸಿದೆ. ಹೆಸರು ಸೀತೆಯದಾದರೂ ಇದರ ತವರು ಅಮೆರಿಕ ಖಂಡವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಸಾರಿನ ಒಣಮೆಣಸಿನಕಾಯಿಯ ತವರೂ ಅದೇ. ಪೋರ್ಚುಗೀಸರ ಹಡಗುಗಳಲ್ಲಿ ಅದು ಈ ದೇಶಕ್ಕೆ ಬಂದಿತು. ಅಲಮಾರು, ಇಸ್ತ್ರಿ ಎಂಬ ಮಾತುಗಳೂ ಅವರ ನುಡಿಯಿಂದ ಬಂದವು. ಹರಿಹರ ದಾಟಿ ಹುಬ್ಬಳ್ಳಿಯ ಕಡೆಗೆ ಹೋದರೆ ಚಾವಿ, ಬಟಾಟೆ, ಪಗಾರ ಎಂಬ ಇನ್ನೂ ಕೆಲವು ಕಿವಿಗೆ ಬೀಳುತ್ತವೆ. ಆ ಊರಿಗೆ ನಾವು ಹೋಗದಿದ್ದರೂ ಆ ಊರು ನಮ್ಮ ಅಡುಗೆಮನೆಗೆ ಎಂದೋ ಬಂದಿದೆ.

ಇನ್ನು ನಂಟು ಇಂದಿನದಲ್ಲ. ಗೋವೆ ಹಿಂದೆ ಕದಂಬರ ಒಂದು ಶಾಖೆಯ ರಾಜಧಾನಿ. ಶಿವಸ್ವರೂಪಿಯಾದ ಸಪ್ತಕೋಟೀಶ್ವರನು ಅವರ ಆರಾಧ್ಯದೈವ. 1510ರ ನವೆಂಬರ್ 25ರಂದು ಅಲ್ಬುಕರ್ಕನು ಗೋವೆಯನ್ನು ಗೆದ್ದುಕೊಂಡನು. ಆ ವರ್ಷದ ದಾಳಿಗೆ ಹೊನ್ನಾವರದ ಕಡೆಯ ತಿಮ್ಮೋಜನ ನೆರವಿದ್ದಿತು. ಮುಂದೆ ವೀರಶೈವ ಅರಸರಾದ ಕೆಳದಿಯ ನಾಯಕರಿಗೂ ಪೋರ್ಚುಗೀಸರಿಗೂ ಮೆಣಸು ಅಕ್ಕಿಗಳ ವ್ಯಾಪಾರದಲ್ಲಿ ಒಮ್ಮೆ ಸ್ನೇಹ, ಒಮ್ಮೆ ಕಲಹ. 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಬಂದ ರಾಯಭಾರಿಯ ಜೊತೆಯಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಬಂದು, ಕಂಡುದನ್ನು ಬರೆದಿಟ್ಟನು. 1652ರಿಂದ 1654ರ ವೇಳೆಗೆ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳ ಕೋಟೆಗಳನ್ನು ಅವರಿಂದ ಕಿತ್ತುಕೊಂಡನು. ಅಲ್ಲಿಯ ಕೊಂಕಣಿಯನ್ನು ಪೋರ್ಚುಗೀಸರು 'ಕನಾರಿಂ' ಎಂದು ಕರೆದುದೂ, ಆ ನುಡಿಯನ್ನು ಒಂದು ಕಾಲದಲ್ಲಿ ಕನ್ನಡಕ್ಕೆ ಸೋದರಿಯಾದ ಗೋಯಕಾನಡಿ ಲಿಪಿಯಲ್ಲಿ ಬರೆಯುತ್ತಿದ್ದುದೂ ನೆನೆಯತಕ್ಕವು.

ತಾಯಿಯವರು ಹೇಳಿದ ಕಹಿ ಮಾತು ಸುಳ್ಳಲ್ಲ. ಹದಿನಾರನೆಯ ಶತಮಾನದಲ್ಲಿ ಗುಡಿಗಳು ಬಿದ್ದವು. ದಿವಾರ್ ದ್ವೀಪದ ಸಪ್ತಕೋಟೀಶ್ವರನ ಲಿಂಗವನ್ನು ಭಕ್ತರು ಹೊಳೆ ದಾಟಿಸಿ ನಾರ್ವೆಗೆ ಒಯ್ದರು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಮರಳಿ ಕಟ್ಟಿಸಿದರು. ಮಂಗೇಶಿ, ಶಾಂತಾದುರ್ಗೆಯರು ಫೋಂಡಾದ ಕಡೆಗೆ ಬಂದುದೂ ಹೀಗೆಯೇ. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಅಲ್ಲಿ ಧರ್ಮವಿಚಾರಣೆಯ ನ್ಯಾಯಾಲಯವಿದ್ದಿತು. ಆದರೆ ಅದರ ಕಾಟವನ್ನು ಹೆಚ್ಚಾಗಿ ಉಂಡವರು ಮತಾಂತರಗೊಂಡ ಬಡಜನರೇ ಎಂಬುದನ್ನು ಮರೆಯಬಾರದು. 1684ರ ಒಂದು ಆಜ್ಞೆ ಅವರ ತಾಯ್ನುಡಿಯ ಬಳಕೆಯನ್ನೇ ತಡೆಯಲೆಳಸಿತು. ಇಂದು ಅಲ್ಲಿ ಇಗರ್ಜಿಗೆ ಹೋಗುವವರು ಆ ನೊಂದವರ ಸಂತಾನ. ಪೋರ್ಚುಗೀಸರ ಆಳ್ವಿಕೆ 1961ರ ಡಿಸೆಂಬರ್ 19ರಂದು ಮುಗಿಯಿತು. ಹೋದವರ ತಪ್ಪಿಗೆ ಇರುವವರ ಮೇಲೆ ಮುನಿಯುವುದು ಧರ್ಮವಲ್ಲ.

ಈಗ ಪ್ರಯಾಣದ ಮಾತು. ಚಿಕ್ಕಜಾಜೂರು ಅಥವಾ ದಾವಣಗೆರೆಯಿಂದ ಹುಬ್ಬಳ್ಳಿ, ಧಾರವಾಡ, ಲೋಂಡಾಗಳ ಮೂಲಕ ರೈಲುಮಾರ್ಗವಿದೆ. ಕ್ಯಾಸಲ್‌ರಾಕ್ ಹಳೆಯ ಗಡಿ. ಅಲ್ಲಿಂದ ಘಟ್ಟವಿಳಿಯುವಾಗ ದೂಧಸಾಗರದ ಧಾರೆಯನ್ನು ಕಿಟಕಿಯಿಂದಲೇ ನೋಡಿರಿ. ಹಳಿಯ ಮೇಲೆ ಇಳಿಯುವುದು ನಿಷಿದ್ಧ, ಅಪಾಯಕರವೂ ಹೌದು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾದುದು. ಮಳೆಗಾಲದಲ್ಲಿ ಕಡಲಿಗೆ ಇಳಿಯಲೇಬಾರದು. ಉಳಿದ ದಿನಗಳಲ್ಲಿಯೂ ಕೆಂಪು ಬಾವುಟ ಕಂಡಲ್ಲಿ ಕಾಲಿಡಬಾರದು. ಕೆರೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಕಡಲಿನ ಸೆಳೆತದ ಅರಿವಿರುವುದಿಲ್ಲ.

ಲಿಂಗಪೂಜೆಯ ಚಿಂತೆ ಬೇಡ. ಎದೆಯ ಮೇಲೆ ದೇವರನ್ನು ಧರಿಸಿದವರಿಗೆ ಪರಸ್ಥಳವೆಂಬುದಿಲ್ಲ. ವಿಭೂತಿ, ವಸ್ತ್ರ, ಒಂದು ತಂಬಿಗೆ ಕೈಚೀಲದಲ್ಲಿರಲಿ. ಊಟದ ವಿಷಯದಲ್ಲಿ ಮಾತ್ರ ಬಾಯಿಬಿಟ್ಟು ಕೇಳಿರಿ. ಪಣಜಿ, ಮಡಗಾಂವ್‌ಗಳಲ್ಲಿ ಶುದ್ಧ ಶಾಕಾಹಾರದ ಹೋಟೆಲುಗಳಿವೆ. ಬೇರೆಡೆ ಕಾಯಿಪಲ್ಯಕ್ಕೂ ಒಣಸಿಗಡಿ ಬೆರೆಸುವ ವಾಡಿಕೆಯುಂಟು. ಬೆಬಿಂಕಾ ಎಂಬ ಪದರುಪದರಿನ ಸಿಹಿಯಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ಬೇಸಿಗೆಯಲ್ಲಿ ದೊರೆಯುವ ಉರಾಕ್ ಎಂಬುದನ್ನು ಗೋಡಂಬಿಹಣ್ಣಿನ ಪಾನಕವೆಂದು ತಿಳಿದು ಮಕ್ಕಳಿಗೆ ಕೊಡಿಸಬೇಡಿ, ಅದು ಮದ್ಯ. ಮುರುಗಲಹುಳಿಯೂ ತೆಂಗಿನಹಾಲೂ ಸೇರಿದ ಸೋಲ್‌ಕಢಿ ನಮ್ಮವರ ನಾಲಗೆಗೆ ಒಗ್ಗುತ್ತದೆ. ಮಧ್ಯಾಹ್ನ ಒಂದರಿಂದ ಮೂರು ನಾಲ್ಕು ಗಂಟೆಯವರೆಗೆ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಅದು ಸೋಮಾರಿತನವಲ್ಲ, ಪೋರ್ಚುಗೀಸರ ಕಾಲದಿಂದ ಬಂದ ವಿಶ್ರಾಂತಿಯ ಪದ್ಧತಿ. ನಿರುದ್ವೇಗದ ಬಾಳಿಗೆ ಅವರು 'ಸುಶೆಗಾದ್' ಎನ್ನುತ್ತಾರೆ.

ಹಳೆಯ ಗೋವೆಯ ಇಗರ್ಜಿಗಳನ್ನು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಗಿದೆ. ಬೋಂ ಜೀಸಸ್ ಬೆಸಿಲಿಕಾ 1605ರಲ್ಲಿ ಪ್ರತಿಷ್ಠೆಗೊಂಡುದು. 1552ರಲ್ಲಿ ಚೀನದ ಬಳಿಯ ದ್ವೀಪವೊಂದರಲ್ಲಿ ತೀರಿಕೊಂಡ ಫ್ರಾನ್ಸಿಸ್ ಕ್ಷೇವಿಯರರ ದೇಹವು ಅಲ್ಲಿದೆ. ಸುಮಾರು ಹತ್ತು ವರ್ಷಗಳಿಗೊಮ್ಮೆ ಅದನ್ನು ಕೆಳಗಿಳಿಸಿ ದರ್ಶನಕ್ಕಿಡುತ್ತಾರೆ. 2024ರ ನವೆಂಬರಿನಿಂದ 2025ರ ಜನವರಿಯವರೆಗೆ ಹಾಗೆ ಇಟ್ಟಿದ್ದರು. ಒಳಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ. ನಮ್ಮಲ್ಲಿ ಪಾದರಕ್ಷೆ ಕಳಚುವುದು ಮರ್ಯಾದೆ. ಅಲ್ಲಿ ಗಂಡಸರು ರುಮಾಲು, ಟೋಪಿ ತೆಗೆಯುವುದು ಮರ್ಯಾದೆ. ಪೂಜೆಯ ಸಮಯದಲ್ಲಿ ಕೊಡುವ ರೊಟ್ಟಿಯ ಬಿಲ್ಲೆಯನ್ನು ಪ್ರಸಾದವೆಂದು ಭಾವಿಸಿ ಸಾಲಿನಲ್ಲಿ ನಿಲ್ಲಬಾರದು. ಅದು ದೀಕ್ಷೆ ಪಡೆದ ಅವರವರಿಗೇ ಸಲ್ಲುವುದು. ಪಣಜಿಯ ಫೋಂತೇನ್ಯಾಸ್ ಕೇರಿಯ ಬಣ್ಣದ ಮನೆಗಳು ಚೆಲುವಾಗಿವೆ; ಆದರೆ ಅವುಗಳಲ್ಲಿ ಸಂಸಾರಗಳಿವೆ. ಕೇಳದೆ ಜಗುಲಿ ಹತ್ತಿ ಛಾಯಾಚಿತ್ರ ತೆಗೆಯುವುದು ಸಲ್ಲದು. ನಮ್ಮ ಪಡಸಾಲೆಗೆ ಅಪರಿಚಿತರು ನುಗ್ಗಿದರೆ ನಾವು ಸಹಿಸುವೆವೆ?

ಈ ಉಪದೇಶವನ್ನು ನಾನು ತಪ್ಪಿನಿಂದ ಕಲಿತೆನು. ಬಹಳ ವರ್ಷಗಳ ಹಿಂದೆ ಕೆಲವು ವಿದ್ಯಾರ್ಥಿಗಳೊಡನೆ ಅಲ್ಲಿಯ ಹಳ್ಳಿಯೊಂದರ ಇಗರ್ಜಿಗೆ ಹೋಗಿದ್ದೆ. ಓದಿದ ಇತಿಹಾಸವೆಲ್ಲ ತಲೆಯಲ್ಲಿತ್ತು. ಅಲ್ಬುಕರ್ಕನ ಅನ್ಯಾಯಗಳನ್ನು ಗಟ್ಟಿ ಧ್ವನಿಯಲ್ಲಿ ವಿವರಿಸುತ್ತ ನಿಂತೆ. ಮುಂದಿನ ಸಾಲಿನಲ್ಲಿ ಮುದುಕಿಯೊಬ್ಬರು ಮೊಣಕಾಲೂರಿ ಅಳುತ್ತಿದ್ದುದನ್ನು ನಾನು ಕಾಣಲಿಲ್ಲ. ಅವರು ಎದ್ದು ಬಂದು ಒಂದು ಮಾತೂ ಗದರದೆ, ಕಾರವಾರದ ಕಡೆಯ ಕನ್ನಡದಲ್ಲಿ, "ಮೊಮ್ಮಗನಿಗೆ ಜ್ವರ, ಅದಕ್ಕೆ ಬೇಡಿಕೊಳ್ಳುತ್ತಿದ್ದೆ. ನಿಮಗೆ ನೀರು ಬೇಕೆ?" ಎಂದರು. ನಮ್ಮನ್ನು ಅಂಗಳಕ್ಕೆ ಕರೆದು ತಂಬಿಗೆ ಕೊಟ್ಟರು. ನಾನು ಹೇಳುತ್ತಿದ್ದ ಇತಿಹಾಸ ನಿಜವೇ ಆಗಿತ್ತು. ಹೇಳಿದ ಸ್ಥಳ, ಹೊತ್ತು ತಪ್ಪಾಗಿದ್ದವು. ಆ ನೀರು ಗಂಟಲಿನಲ್ಲಿ ಇಳಿಯಲು ಕಷ್ಟವಾಯಿತು.

ಮಾಪುಸಾದ ಮಿಲಾಗ್ರಿಸ್ ಮಾತೆಗೆ ಹಿಂದೂಗಳೂ ಎಣ್ಣೆ ಒಪ್ಪಿಸುತ್ತಾರೆ. ಶಿರ್ಗಾಂವಿನ ಲೈರಾಯಿ ದೇವಿ ಆಕೆಯ ಅಕ್ಕತಂಗಿಯೆಂದು ಅಲ್ಲಿಯ ಜನ ನಂಬುತ್ತಾರೆ. ರಾಜ್ಯಗಳು ಒಡೆದುದನ್ನು ಹೆಣ್ಣುಮಕ್ಕಳ ಹರಕೆ ಹೀಗೆ ಕೂಡಿಸಿದೆ.

ಆದುದರಿಂದ ನನ್ನ ಸಲಹೆ ಇಷ್ಟು: ಮೊಲೆಂ ಕಡೆಯಿಂದ ಹೋಗಿ ಮೊದಲು ತಾಂಬಡಿ ಸುರ್ಲಾದ ಮಹಾದೇವನನ್ನು ಕಾಣಿರಿ. ಕದಂಬರ ಕಾಲದ ಆ ಕರಿಗಲ್ಲಿನ ಗುಡಿ ಕಾಡಿನ ಮರೆಯಲ್ಲಿದ್ದುದರಿಂದ ಉಳಿಯಿತು. ಅನಂತರ ಮಂಗೇಶಿ, ಅಲ್ಲಿಯ ದೀಪಸ್ತಂಭದಲ್ಲಿ, ಗುಮ್ಮಟದಲ್ಲಿ ಇಗರ್ಜಿಯ ಶಿಲ್ಪದ ನೆರಳನ್ನು ಗುರುತಿಸಿರಿ. ಕೊನೆಗೆ ಹಳೆಯ ಗೋವೆ. ಈ ಕ್ರಮದಲ್ಲಿ ನೋಡಿದರೆ ನೋವೂ ತಿಳಿಯುತ್ತದೆ, ನೋವಿನ ಮೇಲೆ ಬೆಳೆದ ಬಾಳೂ ತಿಳಿಯುತ್ತದೆ. ರಸ್ತೆ ಕಟ್ಟಡಗಳ ಕೆಲಸದಲ್ಲಿ ಕನ್ನಡದ ಕೂಲಿಕಾರರು ಎದುರಾದಲ್ಲಿ ನಿಂತು ಎರಡು ಮಾತನಾಡಿರಿ. ಪರಸ್ಥಳದಲ್ಲಿ ಕಾಯಕ ಮಾಡುವವರಿಗೆ ತಾಯ್ನುಡಿ ಕೇಳುವುದೇ ಒಂದು ದಾಸೋಹ.

ಆ ತಾಯಿಯವರು ಹೋಗಿ ಬಂದರು. ಮೊನ್ನೆ ಸಿಕ್ಕಾಗ ಕೇಳಿದೆ. "ಸುರ್ಲಾದ ಗುಡಿಯಲ್ಲಿ ಕುಳಿತು ಲಿಂಗಪೂಜೆ ಮಾಡಿಕೊಂಡೆ, ಅಯ್ಯನವರೇ. ಆ ದೊಡ್ಡ ಇಗರ್ಜಿಯಲ್ಲಿ ಸುಮ್ಮನೆ ಕುಳಿತಿದ್ದೆ. ಅಲ್ಲಿಯೂ ಮಕ್ಕಳಿಗೆ ಜ್ವರ ಬಂದವರೇ ಬರುತ್ತಾರೆ" ಎಂದರು. ಇದಕ್ಕಿಂತ ಹೆಚ್ಚಿನದನ್ನು ನಾನು ಹೇಳಲಾರೆ.