ಸಾಕ್ಷಿಯ ಬಾಯಿ ಮುಚ್ಚಬಾರದು

ನಸುಕಿನಲ್ಲಿ ವಾಶಿಯ ಸಗಟು ಮಾರುಕಟ್ಟೆಯಿಂದ ತರಕಾರಿ ತುಂಬಿಕೊಂಡು ಮುಂಬಯಿಯ ಹೋಟೆಲುಗಳ ಹಿಂಬಾಗಿಲಿಗೆ ಬಂದು ನಿಲ್ಲುವ ಪಿಕಪ್ ವಾಹನಕ್ಕೂ ನಮ್ಮ ಜನರ ಉದರನಿರ್ವಾಹಕ್ಕೂ ನಿಕಟವಾದ ಸಂಬಂಧವಿದೆ. ಚೆನ್ನೈಯಲ್ಲಿ ಕೋಯಂಬೇಡಿನಿಂದ, ದಿಲ್ಲಿಯಲ್ಲಿ ಆಜಾದಪುರದಿಂದ ಇಂತಹ ವಾಹನಗಳೇ ಇದೇ ಕೆಲಸವನ್ನು ಮಾಡುತ್ತವೆ. ಅವುಗಳನ್ನು ನಡೆಸುವವರಲ್ಲಿ, ಅವುಗಳಿಂದ ಚೀಲ ಇಳಿಸುವವರಲ್ಲಿ, ಅವುಗಳ ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವವರಲ್ಲಿ ಕನ್ನಡಿಗರಿದ್ದಾರೆ. ಆದುದರಿಂದ ಆ ವಾಹನದ ಹೊಗೆಕೊಳವೆಯಲ್ಲಿ ನಡೆಯುವ ವ್ಯವಹಾರವು ಯಂತ್ರಶಾಸ್ತ್ರ ಬಲ್ಲವರಿಗೆ ಮಾತ್ರ ಸೇರಿದ್ದೆಂದು ನಾವು ಕೈಬಿಡುವಂತಿಲ್ಲ.

ಚಾಲಕನ ಕಣ್ಣೆದುರಿಗೆ ಎಂಜಿನ್ನಿನ ಆಕಾರದ ಒಂದು ಹಳದಿ ದೀಪವಿದೆ. ಅದು ಹೊತ್ತಿಕೊಂಡಾಗ ಕೆಲವರು ಅದನ್ನು ಲೆಕ್ಕಿಸದೆ ವಾರಗಟ್ಟಲೆ ಗಾಡಿ ಓಡಿಸುತ್ತಾರೆ. ಕೆಲವರು ಬ್ಯಾಟರಿಯ ತಂತಿಯನ್ನು ಕಳಚಿ ಮರಳಿ ಜೋಡಿಸಿ, ದೀಪ ಆರಿತೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಇನ್ನು ಕೆಲವರು ಗ್ಯಾರೇಜಿಗೆ ಹೋಗಿ ಮಸಿ ಸೋಸುವ ಪಾತ್ರೆಯನ್ನೇ ತೆಗೆಸಿ, ಅದರ ವಿಷಯ ತಿಳಿಸುವ ಸೆನ್ಸರುಗಳ ಬಾಯಿ ಮುಚ್ಚಿಸಿ ಬರುತ್ತಾರೆ. ಮೊದಲಿನದು ಅಲಕ್ಷ್ಯ, ಎರಡನೆಯದು ಆತ್ಮವಂಚನೆ, ಮೂರನೆಯದು ಅಪರಾಧ. ಆ ದೀಪ ಏನು ಹೇಳುತ್ತಿದೆಯೆಂಬ ತಿಳಿವಳಿಕೆಯ ಅಭಾವ ಮತ್ತು ದುರಸ್ತಿಯ ಖರ್ಚಿನ ಭಯ, ಇವೆರಡೇ ಈ ಮೂರಕ್ಕೂ ಮೂಲ.

೨೦೨೦ನೆಯ ಇಸವಿಯ ಏಪ್ರಿಲ್ ೧ರಿಂದ ದೇಶದಲ್ಲೆಲ್ಲ ಹೊಸ ವಾಹನಗಳಿಗೆ 'ಭಾರತ್ ಸ್ಟೇಜ್ ೬' ಎಂಬ ಹೊಗೆಯ ನಿಯಮ ಜಾರಿಗೆ ಬಂದಿತು. ಸರಕಾರವು ನಾಲ್ಕನೆಯ ಹಂತದಿಂದ ಐದನೆಯದನ್ನು ದಾಟಿ ನೇರವಾಗಿ ಆರನೆಯದಕ್ಕೆ ಬಂದುದು ಸಣ್ಣ ನಿರ್ಧಾರವಾಗಿರಲಿಲ್ಲ. ಇಂಧನದಲ್ಲಿರುವ ಗಂಧಕದ ಮಿತಿಯನ್ನು ಹತ್ತು ಲಕ್ಷ ಭಾಗಕ್ಕೆ ೫೦ರಿಂದ ೧೦ಕ್ಕೆ ಇಳಿಸಲಾಯಿತು. ಡೀಸೆಲ್ ಕಾರು ಒಂದು ಕಿಲೋಮೀಟರು ಓಡುವಾಗ ಹೊರಹಾಕಬಹುದಾದ ಸಾರಜನಕದ ಆಕ್ಸೈಡುಗಳ ಮಿತಿಯು ೦.೨೫ ಗ್ರಾಮಿನಿಂದ ೦.೦೮ ಗ್ರಾಮಿಗೆ ಇಳಿಯಿತು. ಸರಕು ಸಾಗಿಸುವ ಗಾಡಿಗಳಿಗೆ ತೂಕಕ್ಕನುಸಾರವಾಗಿ ಅಂಕಿಗಳು ಬೇರೆಯಾದರೂ ನಿಯಮವು ಅದೇ ರೀತಿಯಲ್ಲಿ ಬಿಗಿಯಾಯಿತು. ಇಷ್ಟು ಸೂಕ್ಷ್ಮವಾದ ಮಿತಿಯನ್ನು ಕಣ್ಣಳತೆಯಿಂದ ಕಾಯುವುದು ಅಸಾಧ್ಯ. ಆ ಕಾವಲಿಗಾಗಿಯೇ ಸೆನ್ಸರುಗಳು ಬಂದಿವೆ.

ಇವುಗಳ ಕೆಲಸವನ್ನು ಅರಿಯಲು ಹೋಟೆಲಿನ ಅಡಿಗೆಮನೆಯ ಅನುಭವವೇ ಸಾಕು. ಗ್ಯಾಸ್ ಒಲೆಗೆ ಗಾಳಿ ಸಾಲದೆ ಹೋದರೆ ಜ್ವಾಲೆ ಹಳದಿಗೆ ತಿರುಗುತ್ತದೆ, ಪಾತ್ರೆಯ ತಳ ಮಸಿ ಹಿಡಿಯುತ್ತದೆ. ಗಾಳಿ ಸರಿಯಾಗಿದ್ದರೆ ಜ್ವಾಲೆ ನೀಲಿಯಾಗಿ ನಿಲ್ಲುತ್ತದೆ. ಎಂಜಿನ್ನಿನೊಳಗಿನ ಬೆಂಕಿಗೂ ಇದೇ ನ್ಯಾಯ. ೧ ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ೧೪.೭ ಕಿಲೋ ಗಾಳಿ ಬೇಕು. ಒಳಗಿನ ಜ್ವಾಲೆಯನ್ನು ನೋಡಲು ಬಾರದ ಕಾರಣ, ಹೊರಬರುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆಯೆಂಬುದನ್ನು ಆಕ್ಸಿಜನ್ ಸೆನ್ಸರ್ ನೋಡುತ್ತದೆ. ಜಿರ್ಕೋನಿಯಾ ಎಂಬ ಪಿಂಗಾಣಿಯಂತಹ ವಸ್ತುವಿನ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎರಡರ ಆಮ್ಲಜನಕದ ಅಂತರಕ್ಕೆ ತಕ್ಕಂತೆ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಇಂಧನ ಹೆಚ್ಚಾದರೆ ಸುಮಾರು ೦.೯ ವೋಲ್ಟು, ಗಾಳಿ ಹೆಚ್ಚಾದರೆ ಸುಮಾರು ೦.೧ ವೋಲ್ಟು. ಅದನ್ನು ಓದಿ ಗಾಡಿಯ ಗಣಕಯಂತ್ರವು ಇಂಧನವನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ೧೯೭೬ರಲ್ಲಿ ಬಾಷ್ ಸಂಸ್ಥೆಯು ತಯಾರಿಸಿದ ಈ ಸಾಧನವನ್ನು ವೋಲ್ವೊ ಕಾರುಗಳಿಗೆ ಮೊದಲು ಅಳವಡಿಸಲಾಯಿತು. ಇಂದು ಪೆಟ್ರೋಲು ಮತ್ತು ಸಿ.ಎನ್.ಜಿ. ಪಿಕಪ್‌ಗಳಲ್ಲಿ ಅದು ಸಾಮಾನ್ಯ ವಸ್ತು.

ಡೀಸೆಲ್ ಪಿಕಪ್‌ನಲ್ಲಿ ಕಾವಲುಗಾರರ ಸಂಖ್ಯೆ ಇನ್ನೂ ಹೆಚ್ಚು. ಒಳಬರುವ ಗಾಳಿಯನ್ನು ಅಳೆಯುವುದು ಒಂದು. ಹೊಗೆಯ ಬಿಸಿಯನ್ನು ಅಳೆಯುವುದು ಇನ್ನೊಂದು. ಗ್ಯಾರೇಜಿನವರು ಡಿ.ಪಿ.ಎಫ್. ಎನ್ನುವ ಮಸಿ ಸೋಸುವ ಪಾತ್ರೆಯ ಹಿಂದುಮುಂದಿನ ಒತ್ತಡದ ಅಂತರವನ್ನು ನೋಡಿ ಎಷ್ಟು ಮಸಿ ತುಂಬಿದೆಯೆಂದು ಹೇಳುವುದು ಮತ್ತೊಂದು. ಯೂರಿಯಾ ದ್ರಾವಣವನ್ನು ಬಳಸುವ ಗಾಡಿಗಳಲ್ಲಿ ಸಾರಜನಕದ ಆಕ್ಸೈಡುಗಳನ್ನು ಅಳೆಯುವ ನಾಕ್ಸ್ ಸೆನ್ಸರುಗಳಿರುತ್ತವೆ. ಇವು ಸುಳ್ಳು ಹೇಳತೊಡಗಿದರೆ ಅಥವಾ ಮೌನವಾದರೆ ಹಳದಿ ದೀಪ ಹೊತ್ತುತ್ತದೆ. ಕೆಲವು ಸಂದರ್ಭಗಳಲ್ಲಿ ಗಾಡಿಯ ಶಕ್ತಿಯನ್ನೇ ಕುಗ್ಗಿಸಿ, ಯಂತ್ರವು ಚಾಲಕನನ್ನು ಗ್ಯಾರೇಜಿನ ಕಡೆಗೆ ತಿರುಗಿಸುತ್ತದೆ.

ಊರೊಳಗೆ ಅಂಗಡಿಯಿಂದ ಅಂಗಡಿಗೆ ನಿಂತು ನಿಂತು ಹೋಗುವ ಪಿಕಪ್‌ಗೆ ಒಂದು ವಿಶೇಷ ಕಷ್ಟವಿದೆ. ಪಾತ್ರೆಯಲ್ಲಿ ತುಂಬಿದ ಮಸಿಯನ್ನು ಗಾಡಿಯು ತಾನೇ ಸುಟ್ಟುಕೊಳ್ಳಬೇಕಾದರೆ ಹೊಗೆಯು ಸುಮಾರು ೬೦೦ ಡಿಗ್ರಿಯವರೆಗೆ ಬಿಸಿಯಾಗಬೇಕು, ಮತ್ತು ಕೆಲ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಸುಡುವ ಕೆಲಸ ನಡೆದಿರುವಾಗಲೇ ಪ್ರತಿ ಬಾರಿಯೂ ಎಂಜಿನ್ ನಿಲ್ಲಿಸಿದರೆ ಮಸಿ ಉಳಿಯುತ್ತದೆ, ಸುಡಲೆಂದು ಬಿಟ್ಟ ಡೀಸೆಲ್ ಎಂಜಿನ್ ಎಣ್ಣೆಯೊಳಗೆ ಇಳಿಯುತ್ತದೆ. ಆದುದರಿಂದ ಡಿ.ಪಿ.ಎಫ್.ನ ದೀಪ ಕಂಡಾಗ, ಕೈಪಿಡಿಯಲ್ಲಿ ಹೇಳಿದ ವೇಗದಲ್ಲಿ ಹೇಳಿದಷ್ಟು ಹೊತ್ತು ಹೆದ್ದಾರಿಯಲ್ಲಿ ಓಡಿಸಿ ಬರುವುದು ಕಾಲಹರಣವಲ್ಲ. ಆಗ ಕೊಳವೆ ಬಹಳ ಬಿಸಿಯಾಗಿರುವುದರಿಂದ ಒಣಹುಲ್ಲು, ಕಾಗದ, ಗೋಣಿಚೂರು ಬಿದ್ದಲ್ಲಿ ಗಾಡಿ ನಿಲ್ಲಿಸಬಾರದು. ಎಣ್ಣೆಯ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅದನ್ನು ಶುಭವೆಂದು ತಿಳಿಯಬಾರದು.

ಉಳಿದ ಪಾಲನೆಯೂ ಬಹುಮಟ್ಟಿಗೆ ಶ್ರದ್ಧೆಯ ವಿಷಯವೇ. ಗಾಳಿಯ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಗಾಳಿ ಅಳೆಯುವ ಸೆನ್ಸರ್ ಬಹುಕಾಲ ಬಾಳುತ್ತದೆ. ಅದನ್ನು ಬಟ್ಟೆಯಿಂದ ಒರೆಸಬಾರದು, ಅದಕ್ಕೆಂದೇ ಇರುವ ಸ್ಪ್ರೇ ಬಳಸಬೇಕು. ಮಸಿಪಾತ್ರೆಯಿರುವ ಎಂಜಿನ್ನಿಗೆ ಕಡಿಮೆ ಬೂದಿ ಬಿಡುವ, ಕೈಪಿಡಿಯಲ್ಲಿ ಹೆಸರಿಸಿದ ದರ್ಜೆಯ ಎಣ್ಣೆಯನ್ನೇ ಹಾಕಬೇಕು. ಮಸಿ ಸುಟ್ಟುಹೋಗುತ್ತದೆ, ಎಣ್ಣೆಯ ಬೂದಿ ಸುಡುವುದಿಲ್ಲ. ಯೂರಿಯಾ ದ್ರಾವಣವು ನೂರಕ್ಕೆ ೩೨.೫ ಭಾಗ ಯೂರಿಯಾ ಇರುವ ಶುದ್ಧ ವಸ್ತು. ಅದಕ್ಕೆ ನಲ್ಲಿಯ ನೀರು ಬೆರೆಸುವುದು, ಎಣ್ಣೆ ಅಂಟಿದ ಡಬ್ಬಿಯಲ್ಲಿ ತುಂಬುವುದು, ಬಿಸಿಲಿನಲ್ಲಿ ಇಡುವುದು, ಹೊಲಕ್ಕೆ ಹಾಕುವ ಯೂರಿಯಾವನ್ನು ಕರಗಿಸಿ ಹಾಕುವುದು, ಇವೆಲ್ಲ ಉಳಿತಾಯದ ವೇಷದಲ್ಲಿ ಬರುವ ನಷ್ಟ. ಕಾದ ಹೊಗೆಕೊಳವೆಗೆ ತಣ್ಣೀರು ರಭಸದಿಂದ ಹೊಡೆದು ತೊಳೆದರೆ ಸೆನ್ಸರಿನ ಒಳಗಿನ ಪಿಂಗಾಣಿ ಬಿರಿಯಬಹುದು. ಮಳೆಗಾಲದಲ್ಲಿ ನೀರು ತುಂಬಿದ ರಸ್ತೆಯನ್ನು ದಾಟಿ ಬಂದ ಮೇಲೆ ತಂತಿಯ ಜೋಡಣೆಗಳಲ್ಲಿ ತೇವ ಸೇರಿದೆಯೇ ಎಂದು ನೋಡಿಸಬೇಕು.

ಇಲ್ಲಿ ಮುಖ್ಯವಾದ ಇನ್ನೊಂದು ಮಾತಿದೆ. ಗ್ಯಾರೇಜಿನ ಯಂತ್ರವು ತೋರಿಸುವ ಸಂಕೇತವು ದೂರು ಮಾತ್ರ, ತೀರ್ಪಲ್ಲ. ಒತ್ತಡದ ಸೆನ್ಸರ್ ಕೆಟ್ಟಿದೆಯೆಂದು ತೋರಿದಾಗ ಅದಕ್ಕೆ ಸೇರಿದ ರಬ್ಬರ್ ನಳಿಕೆ ಬಿರುಕು ಬಿಟ್ಟಿರಬಹುದು ಅಥವಾ ಮಸಿಯಿಂದ ಕಟ್ಟಿಕೊಂಡಿರಬಹುದು. ಆಕ್ಸಿಜನ್ ಸೆನ್ಸರಿನ ಮೇಲೆ ದೂರು ಬಂದಾಗ ಕೊಳವೆಯ ಜೋಡಣೆಯಲ್ಲಿ ಗಾಳಿ ಸೋರುತ್ತಿರಬಹುದು. ಇಲಿ ಕಡಿದ ತಂತಿಯೂ ಇದೇ ದೀಪವನ್ನು ಹೊತ್ತಿಸಬಲ್ಲದು. ಇವನ್ನು ಪರೀಕ್ಷಿಸದೆ ಬೆಲೆಬಾಳುವ ಭಾಗವನ್ನು ಬದಲಿಸುವ ಮೆಕ್ಯಾನಿಕನಿಗೆ, ಮೊದಲು ತಂತಿ ಮತ್ತು ನಳಿಕೆಗಳನ್ನು ನೋಡಿದಿರಾ ಎಂದು ಕೇಳುವ ಹಕ್ಕು ಚಾಲಕನಿಗೂ ಮಾಲೀಕನಿಗೂ ಇದೆ. ಹಾಗೆ ಕೇಳಲು ಇಷ್ಟು ತಿಳಿವಳಿಕೆ ಸಾಕು.

ಈಗ ಸೆನ್ಸರುಗಳನ್ನೇ ನಿಷ್ಕ್ರಿಯಗೊಳಿಸುವ ಪದ್ಧತಿಯ ವಿಚಾರ. ಸಾಲದ ಕಂತು ಕಟ್ಟುತ್ತಿರುವ ಸಣ್ಣ ಮಾಲೀಕನ ಸಂಕಟವನ್ನು ನಾವು ಅರಿಯದವರಲ್ಲ. ಒಂದು ನಾಕ್ಸ್ ಸೆನ್ಸರಿನ ಬೆಲೆ ಚಾಲಕನ ತಿಂಗಳ ಸಂಬಳವನ್ನು ಸಮೀಪಿಸುವುದುಂಟು. ಆದರೂ ಈ ಉಪಾಯವನ್ನು ಸಮರ್ಥಿಸಲಾಗದು. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೨೦೧೨ರಲ್ಲಿ ಸಾರಿತು. ಆ ಹೊಗೆಯನ್ನು ಮೊದಲು ಸೇವಿಸುವವರು ಯಾರು? ಎಂಜಿನ್ ನಿಲ್ಲಿಸದ ಗಾಡಿಯ ಹಿಂದೆ ನಿಂತು ಚೀಲ ಇಳಿಸುವ ಹುಡುಗರು, ಹಿಂದಿನ ಗಲ್ಲಿಯಲ್ಲಿ ಪಾತ್ರೆ ತೊಳೆಯುವವರು, ರಸ್ತೆಯ ಬದಿಯ ಕೋಣೆಯಲ್ಲಿ ಕಿಟಕಿ ತೆರೆದು ಮಲಗುವವರು. ಮಾಲೀಕನು ಉಳಿಸಿದ ಹಣವನ್ನು ಇವರು ತಮ್ಮ ಶ್ವಾಸಕೋಶದಿಂದ ತೀರಿಸಬೇಕಾಗುತ್ತದೆ.

ಕಾನೂನಿನ ಪೆಟ್ಟು ಕೂಡ ಮಾಲೀಕನೊಬ್ಬನ ಮೇಲೆಯೇ ಬೀಳುವುದಿಲ್ಲ. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ವಾಹನವನ್ನು ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಬದಲಾವಣೆಯೊಂದಕ್ಕೆ ೫,೦೦೦ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ವಾಯುಮಾಲಿನ್ಯದ ನಿಯಮವನ್ನು ಮೀರಿದ ವಾಹನವನ್ನು ನಡೆಸುವವನಿಗೆ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆ ಅಥವಾ ೧೦,೦೦೦ ರೂಪಾಯಿಯವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸಿನ ಅನರ್ಹತೆ. ಚಾಲಕನಿಗೆ ಲೈಸೆನ್ಸೇ ಅನ್ನ. ಇತರರ ಮಾತಿಗೆ ಒಪ್ಪಿ, ಕೊರೆದು ತೆಗೆದ ಗಾಡಿಯನ್ನು ನಡೆಸುವ ಮುನ್ನ ಅವನು ಇದನ್ನು ನೆನೆಯಬೇಕು.

ಬಡವರಿಗೆ ಮಾತ್ರ ಬುದ್ಧಿ ಹೇಳಿ ಮುಗಿಸುವುದು ನ್ಯಾಯವಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಶುದ್ಧವಾಗಿ ಉಸಿರಾಡುವ ಕಪಟ ಏರ್ಪಾಡನ್ನು ತನ್ನ ಡೀಸೆಲ್ ಕಾರುಗಳಲ್ಲಿ ಇಟ್ಟಿದ್ದ ಫೋಕ್ಸ್‌ವ್ಯಾಗನ್ ಸಂಸ್ಥೆಯ ಪ್ರಕರಣ ೨೦೧೫ರಲ್ಲಿ ಬಯಲಿಗೆ ಬಂದಿತು. ಜಗತ್ತಿನಲ್ಲಿ ಸುಮಾರು ೧ ಕೋಟಿ ೧೦ ಲಕ್ಷ ವಾಹನಗಳು ಅದಕ್ಕೆ ಸೇರಿದ್ದವು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಾರುಗಳನ್ನು ರಸ್ತೆಯ ಮೇಲೆ ಓಡಿಸಿ ಅಳೆದುದು ಆ ಗುಟ್ಟು ಹೊರಬೀಳಲು ಕಾರಣವಾಯಿತು. ನಮ್ಮಲ್ಲಿಯೂ ೨೦೨೩ರ ಏಪ್ರಿಲ್‌ನಿಂದ ಹೊಸ ಮಾದರಿಗಳನ್ನು ರಸ್ತೆಯ ಓಟದಲ್ಲಿಯೂ ಪರೀಕ್ಷಿಸುವ ನಿಯಮ ಬಂದಿರುವುದು ಸ್ವಾಗತಾರ್ಹ. ಆದರೆ ರಸ್ತೆಗಿಳಿದ ಡೀಸೆಲ್ ಗಾಡಿಗೆ ಪಿ.ಯು.ಸಿ. ಕೇಂದ್ರದಲ್ಲಿ ನಡೆಯುವ ಪರೀಕ್ಷೆಯು ಹೊಗೆಯ ಕಪ್ಪನ್ನು ನೋಡುತ್ತದೆ, ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳನ್ನು ಅಳೆಯುವುದಿಲ್ಲ. ನಾಕ್ಸ್ ಸೆನ್ಸರಿನ ಬಾಯಿ ಮುಚ್ಚಿಸಿದ ಗಾಡಿಗೂ ಅಲ್ಲಿ ಸರ್ಟಿಫಿಕೇಟು ಸಿಗಬಹುದು. ಗಾಡಿಯ ಸ್ಮರಣೆಯಲ್ಲಿ ದಾಖಲಾದ ದೂರುಗಳನ್ನೂ ಆ ಕೇಂದ್ರಗಳಲ್ಲಿ ಓದುವ ಕ್ರಮ ಬರಬೇಕು. ತಯಾರಕರು ದುರಸ್ತಿಯ ವಿವರಗಳನ್ನು ಸಣ್ಣ ಗ್ಯಾರೇಜುಗಳಿಗೂ ಒದಗಿಸಬೇಕು, ದೀಪಗಳ ಅರ್ಥವನ್ನು ಚಾಲಕನು ಓದಬಲ್ಲ ಭಾಷೆಯಲ್ಲಿ ಅಚ್ಚುಹಾಕಿ ಗಾಡಿಯೊಂದಿಗೆ ಕೊಡಬೇಕು, ಸೆನ್ಸರುಗಳ ವಾರಂಟಿಯನ್ನು ದೀರ್ಘಗೊಳಿಸಬೇಕು. ಶುದ್ಧ ಗಾಳಿಯ ಬೆಲೆಯನ್ನೆಲ್ಲ ಒಂದೇ ಗಾಡಿಯಿರುವ ಮಾಲೀಕನ ತಲೆಗೆ ಕಟ್ಟಿದರೆ ನಿಯಮವು ಕಾಗದದ ಮೇಲೆಯೇ ಉಳಿದೀತು.

ಮಾಲೀಕರಲ್ಲಿ ನಮ್ಮದೊಂದು ವಿನಂತಿ. ದೀಪ ಹೊತ್ತಿದ ವಿಷಯವನ್ನು ತಂದು ಹೇಳಿದ ಚಾಲಕನ ಕೂಲಿಯಿಂದ ದುರಸ್ತಿಯ ಹಣ ಮುರಿದುಕೊಳ್ಳಬೇಡಿ. ಒಮ್ಮೆ ಹಾಗೆ ಮಾಡಿದರೆ ಮುಂದಿನ ಸಲ ಅವನು ಹೇಳುವುದಿಲ್ಲ, ಸಾವಿರದಲ್ಲಿ ಮುಗಿಯುವ ಕೆಲಸ ಹತ್ತಾರು ಸಾವಿರಕ್ಕೆ ಬೆಳೆಯುತ್ತದೆ. ಲೆಕ್ಕ ಬರೆಯುವ ಗುಮಾಸ್ತರು ಪ್ರತಿಯೊಂದು ಗಾಡಿಗೂ ಒಂದು ಪುಟ ಇಡಲಿ. ದೀಪ ಹೊತ್ತಿದ ದಿನ, ಆಗ ಓಡಿದ್ದ ಕಿಲೋಮೀಟರು, ಯಂತ್ರ ತೋರಿಸಿದ ಸಂಕೇತ, ಹಾಕಿದ ಎಣ್ಣೆ, ತುಂಬಿದ ಯೂರಿಯಾ, ಬದಲಿಸಿದ ಭಾಗ, ಇಷ್ಟನ್ನು ಬರೆದಿಟ್ಟರೆ ಒಂದೇ ಭಾಗವನ್ನು ಎರಡು ಸಲ ಬದಲಿಸುವ ಗ್ಯಾರೇಜು ತಾನಾಗಿ ಬಯಲಾಗುತ್ತದೆ. ಚೀಲ ಇಳಿಸುವ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸುವುದನ್ನು ಹೋಟೆಲಿನವರು ಕಡ್ಡಾಯ ಮಾಡಲಿ. ಮಸಿ ಸುಡುವ ಕೆಲಸ ನಡೆದಿದ್ದರೆ ಚಾಲಕನು ಅದನ್ನು ಮುಗಿಸಿಯೇ ಗಲ್ಲಿಗೆ ಬರಲಿ.

ಪಿಕಪ್ ಚಾಲಕರಾದ ನಮ್ಮ ಬಂಧುಗಳು ನಾಳೆ ಬೆಳಿಗ್ಗೆ ಹೊರಡುವ ಮುನ್ನ ಕೀಲಿ ತಿರುಗಿಸಿ ಒಂದು ಕ್ಷಣ ದೀಪಗಳತ್ತ ನೋಡಲಿ. ಕೀಲಿ ತಿರುಗಿಸಿದಾಗ ಹಳದಿ ದೀಪ ಹೊತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತದೇ ಇದ್ದರೆ ಯಾರೋ ಬಲ್ಬನ್ನು ಕಿತ್ತಿರುವ ಸಂಶಯವುಂಟು. ಆರದೇ ಇದ್ದರೆ ಅಂದೇ ಮಾಲೀಕನಿಗೆ ತಿಳಿಸಬೇಕು. ಪೆಟ್ರೋಲು ಅಥವಾ ಸಿ.ಎನ್.ಜಿ. ಗಾಡಿಯಲ್ಲಿ ಓಡುತ್ತಿರುವಾಗ ಅದು ಮಿಣುಕತೊಡಗಿದರೆ ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಮೆಕ್ಯಾನಿಕನನ್ನು ಕರೆಸಬೇಕು. ಇಷ್ಟು ಮಾಡಲು ಹಣ ಬೇಕಾಗಿಲ್ಲ, ಹೇಳಿದವನ ಮಾತನ್ನು ಕೇಳುವ ಮಾಲೀಕನೊಬ್ಬನು ಬೇಕು.