ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ: ಅಪಾಯದ ಲೆಕ್ಕ ರೋಗಿಗೂ ತಿಳಿಯಲಿ

ಬೆಳಗೊಳ, ಪಾಂಡವಪುರ, ಕೃಷ್ಣರಾಜಪೇಟೆಗಳ ಸುತ್ತಲಿನ ನಮ್ಮ ಸೀಮೆ ಬೆನ್ನು ಬಗ್ಗಿಸಿ ದುಡಿಯುವವರ ಸೀಮೆ. ಭತ್ತದ ನಾಟಿಯಾಗಲಿ, ಕಬ್ಬಿನ ಕಟಾವಾಗಲಿ ನೆಟ್ಟಗೆ ನಿಂತು ಮಾಡುವ ಕೆಲಸವಲ್ಲ. ಬೆನ್ನುನೋವು ಬಹುಪಾಲು ಜನರಲ್ಲಿ ಔಷಧ, ವ್ಯಾಯಾಮಗಳಿಂದಲೇ ಶಮನವಾಗುತ್ತದೆ. ನರ ಅದುಮಿ ಕಾಲು ಸೋತಾಗ ಶಸ್ತ್ರಚಿಕಿತ್ಸೆ ಅನಿವಾರ್ಯವಾಗುವುದುಂಟು. ಆಗ ಮನೆಯವರ ಪ್ರಶ್ನೆ ಒಂದೇ: "ತೊಂದರೆಯೇನೂ ಆಗುವುದಿಲ್ಲ ತಾನೆ, ಸ್ವಾಮಿ?" ಇದಕ್ಕೆ ಒಂದು ಅಭಯವಚನವನ್ನಷ್ಟೇ ನೀಡಿ, ಸಹಿಗಾಗಿ ಕಾಗದ ಚಾಚಿದರೆ ಸಾಲದೆಂಬುದು ನನ್ನ ಅಭಿಪ್ರಾಯ.

ಗಾಯದಲ್ಲಿ ಕೀವು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ನ್ಯುಮೋನಿಯಾ ಮುಂತಾದವು ಒದಗುವ ಸಂಭವವನ್ನು ಮೊದಲೇ ಅಂದಾಜು ಮಾಡುವ ವಿದ್ಯೆ ಇಂದು ಬೆಳೆದಿದೆ. 1941ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರು ರೋಗಿಯ ದೇಹಸ್ಥಿತಿಯನ್ನು ದರ್ಜೆಗಳಾಗಿ ವಿಂಗಡಿಸಿದರು. 2013ರಲ್ಲಿ ಅಲ್ಲಿನ ಶಸ್ತ್ರವೈದ್ಯರ ಸಂಸ್ಥೆ, ಹತ್ತು ಲಕ್ಷಕ್ಕೂ ಮಿಕ್ಕ ರೋಗಿಗಳ ದಾಖಲೆಗಳನ್ನು ಆಧರಿಸಿದ ಗಣಕಯಂತ್ರದ ಲೆಕ್ಕವೊಂದನ್ನು ಪ್ರಕಟಿಸಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಬೇನೆ, ಶ್ವಾಸಕೋಶದ ಬೇನೆ, ದಿನನಿತ್ಯದ ಕೆಲಸಕ್ಕೂ ಪರರ ಆಸರೆ ಎಂಬ ಐದನ್ನು ಎಣಿಸಿ ದೌರ್ಬಲ್ಯವನ್ನು ಅಳೆಯುವ ಸರಳ ಸೂಚಿಯೂ ಉಂಟು.

ಆದರೆ ಈ ಲೆಕ್ಕ ಗುಂಪಿನ ಮಾತೇ ಹೊರತು ಒಬ್ಬನ ಹಣೆಬರಹವಲ್ಲ. ನೂರರಲ್ಲಿ ಐವರಿಗೆ ತೊಂದರೆಯೆಂದರೆ, ಆ ಐವರು ಯಾರೆಂದು ಯಂತ್ರ ಹೇಳಲಾರದು. ಮೇಲಾಗಿ ಪರದೇಶದ ದಾಖಲೆಗಳಿಂದ ಹುಟ್ಟಿದ ಲೆಕ್ಕವನ್ನು ನಮ್ಮ ರೋಗಿಗಳಲ್ಲಿ ಒರೆಹಚ್ಚಿಯೇ ಬಳಸಬೇಕು. ಅಂಕ ಹೆಚ್ಚಾಯಿತೆಂದು ವೃದ್ಧರನ್ನೂ ಬಡವರನ್ನೂ ಹಿಂದಕ್ಕೆ ಕಳುಹಿಸುವುದಂತೂ ಅನ್ಯಾಯ.

ಅದರ ನಿಜವಾದ ಪ್ರಯೋಜನವೇ ಬೇರೆ. ವಯಸ್ಸನ್ನು ಇಳಿಸಲಾಗದು, ಆದರೆ ಸಕ್ಕರೆಯನ್ನು ಹತೋಟಿಗೆ ತರಬಹುದು, ರಕ್ತಹೀನತೆ ಅಪೌಷ್ಟಿಕತೆಗಳನ್ನು ಸರಿಪಡಿಸಬಹುದು, ಮೂಳೆಗಳ ಬೆಸುಗೆಗೆ ಅಡ್ಡಿಯಾಗುವ ಬೀಡಿಯನ್ನು ಬಿಡಿಸಬಹುದು. ಕೆಲವು ವಾರ ಕಾಯಬಹುದಾದ ಚಿಕಿತ್ಸೆಗೆ ಈ ಸಿದ್ಧತೆಯೇ ದೊಡ್ಡ ರಕ್ಷೆ. ಮಲಮೂತ್ರಗಳ ಹತೋಟಿ ತಪ್ಪಿದಾಗ, ಕಾಲಿನ ಬಲ ದಿನೇ ದಿನೇ ಕುಂದುತ್ತಿರುವಾಗ ಮಾತ್ರ ಕಾಯುವಂತಿಲ್ಲ.

ಚಿಕಿತ್ಸೆಯ ಪ್ರಯೋಜನ, ಪರ್ಯಾಯ, ಮುಖ್ಯ ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ತಿಳಿಸುವುದೆಂದರೆ ರೋಗಿಯ ನುಡಿಯಲ್ಲಿ ತಿಳಿಸುವುದು. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ಈ ಲೆಕ್ಕವನ್ನು ಸಹಿಗೆ ಮೊದಲೇ ಕನ್ನಡದಲ್ಲಿ ಬಿಡಿಸಿ ಹೇಳಲಿ. ದಾನಿಗಳು ಕಟ್ಟಡಗಳ ಜೊತೆಗೆ, ಬಡರೋಗಿಯ ಸಿದ್ಧತೆಯ ದಿನಗಳ ಔಷಧ, ಆಹಾರಗಳಿಗೂ ಕೈನೀಡಲಿ. ನೂರರಲ್ಲಿ ಐದು ಎಂಬುದರ ಅರ್ಥವನ್ನು ಅಧ್ಯಾಪಕರು ಮಕ್ಕಳಿಗೆ ಮನಗಾಣಿಸಲಿ. ನಾಳೆ ಆಸ್ಪತ್ರೆಯಲ್ಲಿ ತಂದೆಯ ಪಕ್ಕದಲ್ಲಿ ನಿಂತು ಆ ಮಾತನ್ನು ಕೇಳಬೇಕಾದವರು ಅವರೇ.